ಕುಬಸದ ಗಂಟಿನಿಂದ ಎಕ್ಸ್‌ಎಲ್ ಲೇಬಲ್‌ವರೆಗೆ: ಬಾಣಂತಿಯ ಬಟ್ಟೆಯ ಕಥೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಕಡೆ ಐಟಿ ಕೆಲಸದಲ್ಲಿರೋ ನಮ್ಮ ಕನ್ನಡದ ಹೆಣ್ಣುಮಕ್ಕಳು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. "ಅಕ್ಕಾ, ಹೆರಿಗೆ ರಜೆ ಮುಗೀತು. ಸೋಮವಾರದಿಂದ ಐರೋಲಿ ಆಫೀಸು. ಕಪಾಟು ತುಂಬ ಬಟ್ಟೆ ಇದೆ, ಒಂದೂ ಮೈಗೆ ಹತ್ತುತ್ತಿಲ್ಲ." ಆರು ತಿಂಗಳು ನೈಟಿಯಲ್ಲೇ ಕಳೆದಿರುತ್ತೆ, ಹಾಗಾಗಿ ವಿಷಯ ಗೊತ್ತಾಗೋದೇ ಕೊನೇ ವಾರದಲ್ಲಿ. ಆಮೇಲೆ ತಮ್ಮ ಮೈಯನ್ನೇ ಬೈಕೊಳ್ಳೋಕೆ ಶುರು ಮಾಡ್ತಾರೆ. ತಪ್ಪು ಮೈಯದ್ದಾ, ಬಟ್ಟೆಯದ್ದಾ? ಇವತ್ತು ಅದನ್ನ ಇತಿಹಾಸದ ಕಡೆಯಿಂದ ನೋಡೋಣ.

ಉತ್ತರ ಕರ್ನಾಟಕದಲ್ಲಿ ಸೀಮಂತಕ್ಕೆ ಏನಂತಾರೆ? ಕುಬಸ. ಕುಬಸ ಅಂದರೆ ರವಿಕೆ. ಬಸುರಿಗೆ ಮಾಡೋ ಇಡೀ ಶಾಸ್ತ್ರಕ್ಕೇ ಒಂದು ಬಟ್ಟೆಯ ಹೆಸರು! ಐದೋ ಏಳೋ ತಿಂಗಳಾದಾಗ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ ತಂದು ಉಡಿ ತುಂಬುತ್ತಾರೆ. ಆ ಖಣಕ್ಕೆ ಹೆಸರಾದ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲಿನ ಮಗ್ಗದ ಖಣಕ್ಕೆ ಮಹಾರಾಷ್ಟ್ರವೇ ದೊಡ್ಡ ಮಾರುಕಟ್ಟೆ. ಇವತ್ತು ಡೊಂಬಿವಲಿಯ ಮರಾಠಿ ಮನೆಯಲ್ಲಿ ಖಣ-ನಾರಳ ಇಟ್ಟು ಓಟಿ ತುಂಬಿದರೆ, ಅದರಲ್ಲಿ ನಮ್ಮ ನೇಕಾರರ ಪಾಲೂ ಇದೆ ಅಂದ್ಕೊಳ್ಳಿ.

ಈ ಶಾಸ್ತ್ರದಲ್ಲಿ ಒಂದು ಲೆಕ್ಕ ಅಡಗಿದೆ. ಮೈ ಬದಲಾಗುತ್ತೆ ಅಂತ ಮನೆಯವರಿಗೆ ಮೊದಲೇ ಗೊತ್ತು, ಹೊಸ ಬಟ್ಟೆ ತರೋದು ಅವರ ಜವಾಬ್ದಾರಿ. ಹಳೇ ಕಾಲದ ಕುಬಸಕ್ಕೆ ಹುಕ್ಕು ಇರಲಿಲ್ಲ, ಎದೆಯ ಕೆಳಗೆ ಗಂಟು ಹಾಕೋದು. ಮೈ ತುಂಬಿದರೆ ಗಂಟು ಸಡಿಲ, ಇಳಿದರೆ ಬಿಗಿ. ಮಗುವಿಗೆ ಹಾಲು ಕೊಡೋಕೂ ಅಷ್ಟೇ ಸಲೀಸು. ಎಂಟು ಗಜ, ಒಂಬತ್ತು ಗಜದ ಇಳಕಲ್ ಸೀರೆಗಂತೂ ಸೈಜೇ ಇಲ್ಲ. ಉಟ್ಟು ಹಳೆಯದಾದ ಸೀರೆ ಬಾಣಂತಿಯ ಹೊಟ್ಟೆ ಕಟ್ಟೋಕೆ ಬರ್ತಿತ್ತು, ಆಮೇಲೆ ಮಗುವಿಗೆ ಜೋಲಿ, ಕೊನೆಗೆ ಕೌದಿ. ಹಳೇ ಬಟ್ಟೆ ಕಪಾಟಿನಲ್ಲಿ ನೇತಾಡಿಕೊಂಡು ಯಾರನ್ನೂ ಅಣಕಿಸುತ್ತಿರಲಿಲ್ಲ.

ಹಾಗಾದರೆ ಅಳತೆಗೆ ಹೊಲಿದ ರವಿಕೆ ಎಲ್ಲಿಂದ ಬಂತು? ಅದರ ಒಂದು ಮುಖ್ಯ ಎಳೆ ಮುಂಬಯಿಯಲ್ಲೇ ಸಿಗುತ್ತೆ. 1864ರಲ್ಲಿ ಮೊದಲ ಭಾರತೀಯ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಠಾಕೂರರ ಜೊತೆ ಅವರ ಹೆಂಡತಿ ಜ್ಞಾನದಾನಂದಿನಿ ದೇವಿ ಮುಂಬಯಿಗೆ ಬಂದರು. ಆಗ ಬಂಗಾಳದ ಮನೆಗಳಲ್ಲಿ ಹೆಂಗಸರು ಉಡುತ್ತಿದ್ದ ಒಂಟಿ ಸೀರೆ ಹೊರಗೆ ಓಡಾಡೋಕೆ ಒಗ್ಗುತ್ತಿರಲಿಲ್ಲ. ಇಲ್ಲಿನ ಪಾರ್ಸಿ ಹೆಂಗಸರನ್ನು ನೋಡಿ ರವಿಕೆ, ಲಂಗದ ಜೊತೆ ಸೀರೆ ಉಡೋದನ್ನ ಕಲಿತು, ಬಂಗಾಳಕ್ಕೆ ಹೋದ ಮೇಲೆ ಬೇರೆಯವರಿಗೂ ಕಲಿಸಿದರು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ರವೀಂದ್ರನಾಥರು ಕಾರವಾರಕ್ಕೆ ಬಂದಿದ್ದು ಈ ಅಣ್ಣನ ಮನೆಗೇ.

ಹೊಲಿದ ರವಿಕೆ ಹೆಂಗಸರನ್ನ ಮನೆಯ ಹೊರಗೆ, ಶಾಲೆಗೆ, ಸಭೆಗೆ ಕರೆತಂತು. ಅದು ಸಣ್ಣ ಲಾಭ ಅಲ್ಲ. ಆದರೆ ಗಂಟಿನ ಜಾಗಕ್ಕೆ ಹುಕ್ಕು ಬಂತು, ಹುಕ್ಕಿಗೆ ಅಳತೆ ಬೇಕು. ಆಗಲೂ ದರ್ಜಿ ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಹೊಲೀತಿದ್ದ. ಹೆರಿಗೆ ಆದಮೇಲೆ ಪಕ್ಕದ ಹೊಲಿಗೆ ಬಿಚ್ಚಿದರೆ ಮುಗೀತು.

ಆ ಮಾರ್ಜಿನ್ ಹೋಗಿದ್ದು ರೆಡಿಮೇಡ್ ಬಂದಮೇಲೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ರೆಡಿಮೇಡ್ ಬಟ್ಟೆಗೆ ಅಳತೆ ಹುಡುಕೋಕೆ ಸುಮಾರು 15,000 ಹೆಂಗಸರ ಮೈ ಅಳೆಯಿತು. ಆದರೆ ಕೊನೆಯ ಲೆಕ್ಕದಲ್ಲಿ ಇಟ್ಟುಕೊಂಡಿದ್ದು ಬಿಳಿಯರ ಅಳತೆ ಮಾತ್ರ! ಭಾರತದ ಮೈಗೆ ಭಾರತದ್ದೇ ಸೈಜ್ ಪಟ್ಟಿ ಬೇಕು ಅಂತ ನಿಫ್ಟ್ 'ಇಂಡಿಯಾ ಸೈಜ್' ಯೋಜನೆ ಶುರು ಮಾಡಿದ್ದು ಮೊನ್ನೆ ಮೊನ್ನೆ, 2018ರ ಹೊತ್ತಿಗೆ. 15ರಿಂದ 65 ವಯಸ್ಸಿನ 25,000 ಜನರ ಅಳತೆ ತಗೊಳ್ಳೋ ಗುರಿ. ಅಂದರೆ ನಿಮ್ಮ ಕುರ್ತಾ ಮೇಲಿನ ಎಂ, ಎಲ್, ಎಕ್ಸ್‌ಎಲ್ ನಿಮ್ಮನ್ನ ಅಳೆದು ಬರೆದಿದ್ದಲ್ಲ. ಒಂದು ಕಂಪನಿಯ ಎಲ್ ಇನ್ನೊಂದು ಕಂಪನಿಯ ಎಂ ಆಗಿರುತ್ತೆ. ಅದನ್ನ ಪರೀಕ್ಷೆಯ ಮಾರ್ಕ್ಸ್ ಥರ ಓದಬೇಡಿ.

ಇನ್ನು ಕಾನೂನು. ಹೆಂಗಸರ ಹೆರಿಗೆ ಭತ್ಯೆಗೆ ದೇಶದಲ್ಲೇ ಮೊದಲ ಕಾಯ್ದೆ ಬಂದಿದ್ದು ಈ ಮುಂಬಯಿ ಪ್ರಾಂತ್ಯದಲ್ಲಿ, 1929ರಲ್ಲಿ, ಕಾರ್ಖಾನೆ ಹೆಂಗಸರಿಗಾಗಿ. 1961ರ ಕಾಯ್ದೆ 12 ವಾರ ರಜೆ ಕೊಟ್ಟಿತು, 2017ರ ತಿದ್ದುಪಡಿ ಅದನ್ನ 26 ವಾರ ಮಾಡಿತು. 1961ರಲ್ಲೇ ಇನ್ನೊಂದು ಹಕ್ಕೂ ಬಂತು: ಮಗುವಿಗೆ 15 ತಿಂಗಳಾಗೋವರೆಗೆ ದಿನಕ್ಕೆ ಎರಡು ಸಲ ಹಾಲು ಕುಡಿಸೋ ಬಿಡುವು. ಈಗ ಯೋಚನೆ ಮಾಡಿ. ಬಿಡುವಿದೆ, ಆದರೆ ಹಾಕಿರೋದು ಹಿಂದೆ ಜಿಪ್ ಇರೋ ಬಿಗಿ ಕುರ್ತಾ. ಹಾಲು ತೆಗೆಯೋಕೆ ಇಡೀ ಬಟ್ಟೆ ಬಿಚ್ಚಬೇಕು. ಕಾನೂನು ಕೊಟ್ಟ ಹಕ್ಕನ್ನ ಜಿಪ್ಪು ಕಿತ್ತುಕೊಂಡಂಗೆ. ಅದಕ್ಕೇ ಇದು ಬರೀ ಶೋಕಿ ವಿಷಯ ಅಲ್ಲ ಅಂತ ನಾನು ಹೇಳೋದು.

ಹಾಗಾದರೆ ಏನು ಮಾಡೋದು? ಇಡೀ ಕಪಾಟು ಒಂದೇ ಸಲ ಬದಲಾಯಿಸಬೇಡಿ, ಮೈ ಇನ್ನೂ ಬದಲಾಗುತ್ತೆ. ಮೊದಲು ಒಳ ಉಡುಪು ಹೊಸ ಅಳತೆಯದ್ದು ತಗೊಳ್ಳಿ. ಆಮೇಲೆ ಮುಂದೆ ಗುಂಡಿ ಇರೋ ಮೂರು ಹತ್ತಿ ಕುರ್ತಾ, ಲಾಡಿ ಅಥವಾ ಎಲಾಸ್ಟಿಕ್ ಇರೋ ಎರಡು ಪ್ಯಾಂಟು. ಒತ್ತಾದ ಪ್ರಿಂಟ್ ಇದ್ದರೆ ಹಾಲಿನ ಕಲೆ ಕಾಣಲ್ಲ. ಡೊಂಬಿವಲಿಯಲ್ಲಿ ಹತ್ತಿ, ಠಾಣೆಯಲ್ಲಿ ಇಳಿದು ಇನ್ನೊಂದು ಟ್ರೇನ್ ಹಿಡಿಯೋ ನೂಕುನುಗ್ಗಲಲ್ಲಿ ಸೇಫ್ಟಿ ಪಿನ್ ನಂಬಿಕೊಂಡು ಹೋಗೋದು ಬೇಡ.

ರೆಡಿಮೇಡಿನ ಒಳಗೆ ಬಿಚ್ಚೋಕೆ ಬಟ್ಟೆಯೇ ಇರಲ್ಲ. ಅದಕ್ಕೆ ಬಟ್ಟೆ ತಂದು ಹೊಲಿಸಿ. ಕಲ್ಯಾಣದ ಪಕ್ಕದಲ್ಲೇ ಉಲ್ಹಾಸನಗರ ಇದೆ. ದೇಶ ವಿಭಜನೆಯಲ್ಲಿ ಎಲ್ಲಾ ಬಿಟ್ಟು ಬಂದ ಸಿಂಧಿಗಳು ಯುದ್ಧಕಾಲದ ಮಿಲಿಟರಿ ಬ್ಯಾರಕ್‌ಗಳಲ್ಲಿ ನೆಲೆ ಕಂಡ ಊರು. 1949ರಲ್ಲಿ ಅದಕ್ಕೆ ಈ ಹೆಸರು ಬಂತು. ಇವತ್ತು ಅದು ಬಟ್ಟೆ ವ್ಯಾಪಾರಕ್ಕೆ ಹೆಸರುವಾಸಿ. ಅಲ್ಲಿಂದ ಕಾಟನ್ ತಂದು ನಿಮ್ಮ ಓಣಿಯ ಟೇಲರ್‌ಗೆ ಕೊಡಿ. "ಭೈಯಾ, ದೋನೋ ಸೈಡ್ ಮಾರ್ಜಿನ್ ಛೋಡ್ನಾ" ಅಂದರೆ ಸಾಕು, ಅರ್ಥ ಆಗುತ್ತೆ.

ಗಂಡಂದಿರಿಗೂ ಅಮ್ಮ-ಅತ್ತೆಯರಿಗೂ ಒಂದು ಮಾತು. ಮಗುವಿಗೆ ಹತ್ತು ಜೊತೆ ಬಟ್ಟೆ ತರ್ತೀರಿ, ತನ್ನಿ. ಅದರ ಜೊತೆ ತಾಯಿಗೂ ಆಫೀಸಿಗೆ ಹಾಕೋಕೆ ಎರಡು ಜೊತೆ ತನ್ನಿ. ಕುಬಸ ಮಾಡ್ತಿದ್ದ ಹಿರಿಯರು ಹೇಳಿಕೊಟ್ಟಿದ್ದೂ ಅದನ್ನೇ: ಮೈ ಬದಲಾದಾಗ ಬಟ್ಟೆ ಬದಲಾಗಬೇಕು, ಅದರ ಖರ್ಚು ಮನೆಯದ್ದು.