ಗಟ್ಟಿಮರದ ಆಮದು: ಎರಡು ದೇಶಗಳ ಕಥೆ

ಅರಣ್ಯ ರಕ್ಷಣೆಯ ಪಾಠ ಮಾಡುವಾಗ ಯಾವ ಇಸವಿಯಲ್ಲಿ ಯಾವ ಕಾಯಿದೆ ಬಂತೆಂದು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ನಮ್ಮ ರೂಢಿ. ಮರ ಕಡಿಯುವುದನ್ನು ನಿಲ್ಲಿಸಿದ ಮೇಲೆ ಬೇಕಾದ ಮರ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಮಾತ್ರ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಭಾರತ ಮತ್ತು ಚೀನಾಗಳ ಗಟ್ಟಿಮರದ ಆಮದಿನ ಚರಿತ್ರೆಯಲ್ಲಿ ಅದಕ್ಕೆ ಉತ್ತರವಿದೆ.

ಒಂದು ಕಾಲದಲ್ಲಿ ನಾವು ಮರ ಕೊಡುವವರಾಗಿದ್ದೆವು. ಮಲಬಾರಿನ ತೇಗದಿಂದ ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಬರ್ಮಾ ತೇಗ ಹಿಂದಿನಿಂದಲೂ ನಮ್ಮಲ್ಲಿಗೆ ಬರುತ್ತಿತ್ತಾದರೂ ಹೊರಗಿನ ಮರವನ್ನೇ ನೆಚ್ಚುವ ಸ್ಥಿತಿ ಉಂಟಾದದ್ದು ಈಚೆಗೆ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಕಾರ್ಖಾನೆಗಳ ಉಗ್ರಾಣವೆಂದು ಕಾಣುವ ದೃಷ್ಟಿಯನ್ನು ಕೈಬಿಟ್ಟಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶವು ಮರ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿತು.

ಚೀನಾಕ್ಕೆ ಪಾಠ ಕಲಿಸಿದ್ದು ನೀರು. 1998ರ ಬೇಸಿಗೆಯಲ್ಲಿ ಯಾಂಗ್ಟ್ಸೆ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮೇಲಣ ಕಣಿವೆಗಳ ಕಾಡು ಬೋಳಾದದ್ದೂ ಇದಕ್ಕೆ ಕಾರಣವೆಂದು ಬಗೆದ ಸರ್ಕಾರ ಅದೇ ವರ್ಷ ನೈಸರ್ಗಿಕ ಅರಣ್ಯ ರಕ್ಷಣಾ ಯೋಜನೆಯನ್ನು ಆರಂಭಿಸಿತು. ಮರುವರ್ಷ ದಿಮ್ಮಿ, ಹಲಗೆಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು.

ಹೀಗೆ ಎರಡು ವರ್ಷಗಳ ಅಂತರದಲ್ಲಿ ಎರಡು ಮಹಾದೇಶಗಳು ತಮ್ಮ ಕೊಡಲಿಯನ್ನು ಕೆಳಗಿಟ್ಟು ಪರರ ಕಾಡಿನತ್ತ ಕೈಚಾಚಿದವು. ಆದರೆ ಇಬ್ಬರ ದಾರಿ ಒಂದೇ ಆಗಿರಲಿಲ್ಲ. ಭಾರತ ಮುಖ್ಯವಾಗಿ ಇಡೀ ದಿಮ್ಮಿಗಳನ್ನೇ ಕೊಂಡಿತು. ಹಲಗೆಗಿಂತ ದಿಮ್ಮಿಗೆ ಸುಂಕ ಕಡಿಮೆಯಿದ್ದುದರಿಂದ ಕೊಯ್ಯುವ ಕೆಲಸ ಇಲ್ಲಿಯೇ ಉಳಿಯಿತು; ಕಾಂಡ್ಲಾ ಬಂದರಿನ ಸುತ್ತ ಸಾಮಿಲ್ಲುಗಳ ಸಾಲೇ ಬೆಳೆಯಿತು. ಬರ್ಮಾದ ತೇಗ, ಸರವಾಕಿನ ಗಟ್ಟಿಮರ ನಮ್ಮ ಮನೆಗಳ ಬಾಗಿಲು, ಕಿಟಕಿ, ಮಂಚಗಳಾದವು. ಚೀನಾ ದಿಮ್ಮಿಯನ್ನೂ ಹಲಗೆಯನ್ನೂ ಕೊಂಡಿತು. 2001ರಲ್ಲಿ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದ ಮೇಲೆ ಅದೇ ಮರವನ್ನು ಪ್ಲೈವುಡ್, ಪೀಠೋಪಕರಣಗಳನ್ನಾಗಿ ಮಾಡಿ ಅಮೆರಿಕ, ಯುರೋಪುಗಳಿಗೆ ಮಾರಿತು. ಅಮೆರಿಕದ ಓಕ್ ಮರ ಚೀನಾಕ್ಕೆ ಹೋಗಿ ಮೇಜು, ಕುರ್ಚಿಯಾಗಿ ತವರಿಗೆ ಮರಳುತ್ತಿತ್ತು! 2018ರಿಂದ ಆ ಎರಡು ದೇಶಗಳು ಪರಸ್ಪರ ಸುಂಕ ಹೇರತೊಡಗಿದಾಗ ಅಮೆರಿಕದ ಸಾಮಿಲ್ಲುಗಳಿಗೂ ಪೆಟ್ಟು ಬಿತ್ತು. ಚೀನಾದ ಸಿರಿವಂತರಿಗೆ ಕೆಂಪು ಮರದ ಪೀಠೋಪಕರಣಗಳ ಮೇಲಿರುವ ಮೋಹವಂತೂ ಮಡಗಾಸ್ಕರಿನ ಬೀಟೆಯನ್ನೂ ನಮ್ಮ ಶೇಷಾಚಲದ ರಕ್ತಚಂದನವನ್ನೂ ಕಳ್ಳದಾರಿಯಲ್ಲಿ ಸೆಳೆಯಿತು.

ಮರ ಕೊಡುತ್ತಿದ್ದ ದೇಶಗಳೂ ಕ್ರಮೇಣ ಎಚ್ಚೆತ್ತವು. 2010ರಲ್ಲಿ ಗ್ಯಾಬನ್, 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿದವು. ಆಗ ನಮ್ಮ ವ್ಯಾಪಾರಿಗಳು ಈಕ್ವೆಡಾರ್, ಘಾನಾಗಳ ನೆಡುತೋಪಿನ ತೇಗದತ್ತ ತಿರುಗಿದರು.

ಇದನ್ನು ಓದಿ ಅಪ್ಪಿಕೋ ವ್ಯರ್ಥವಾಯಿತೆಂದು ಯಾರೂ ಭಾವಿಸಬಾರದು. ಅಂದು ಉಳಿದ ಮರಗಳು ಉಳಿದವು. ಅದು ನಿಜವಾದ ಗೆಲುವು. ಆದರೆ ಬಳಕೆ ತಗ್ಗದಿದ್ದರೆ, ಬದಲಿ ಮರ ಬೆಳೆಯದಿದ್ದರೆ ಕೊಡಲಿಯು ಊರು ಬದಲಿಸುತ್ತದೆ, ಅಷ್ಟೆ. ಯಮುನಾನಗರದ ಪ್ಲೈವುಡ್ ಕಾರ್ಖಾನೆಗಳಿಗೆ ರೈತರು ಬೆಳೆದ ಪಾಪ್ಲರ್ ಬರುತ್ತದೆ. ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ಕೂಡ ಕಾರ್ಖಾನೆ ಸೇರುತ್ತದೆ. ಪರಿಹಾರದ ದಾರಿ ಆ ಕಡೆಗಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮನೆ ಕಟ್ಟಿಸುತ್ತಿದ್ದಾರೆ. ಬಾಗಿಲಿಗೆ ಮರ ಆರಿಸುವಾಗ, ಅದು ಯಾವ ನಾಡಿನದೆಂದು ಒಮ್ಮೆ ವಿಚಾರಿಸಿರಿ.