ವಿದುರಾಶ್ವತ್ಥ: ಗುಂಡು ಹೊಡೆದವರು ಬ್ರಿಟಿಷರಲ್ಲ

1/6
ಮಧುಗಿರಿಯಿಂದ ಗೌರಿಬಿದನೂರು ರೋಡ್ ಹಿಡಿದ್ರೆ ವಿದುರಾಶ್ವತ್ಥ ದೂರ ಏನಲ್ಲ. ನಮ್ ಕಡೆಯವರಿಗೆ ಅದು ನಾಗರಕಲ್ಲಿನ ಊರು, ಹರಕೆ ಹೊತ್ತು ಹೋಗೋ ಜಾಗ. ದೇವಸ್ಥಾನದ ಹತ್ರಾನೇ ಹುತಾತ್ಮರ ಸ್ತೂಪ, ವೀರಸೌಧ, ಫೋಟೋ ಗ್ಯಾಲರಿ ಐತೆ. ಎಷ್ಟೋ ಜನ ಪೂಜೆ ಮುಗಿಸಿ ಹಂಗೇ ಬಸ್ ಹತ್ತಿಬಿಡ್ತಾರೆ. ನಾವು ಕ್ಲಾಸ್‌ನವರು ಈ ಸಲ ಒಳಗೆ ಹೋಗಿ ನಿಧಾನಕ್ಕೆ ನೋಡಿದ್ವಿ. ಅಲ್ಲಿ ಏನಾಯ್ತು ಅಂತ ಈ ಸರಣಿಯಲ್ಲಿ ಬರೀತೀನಿ. ಸ್ವೈಪ್ ಮಾಡ್ತಾ ಓದಿ.

2/6
1938ರ ಏಪ್ರಿಲ್. ಮದ್ದೂರಿನ ಹತ್ತಿರ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ. ತ್ರಿವರ್ಣ ಧ್ವಜ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ ಇತ್ತು. ಆದ್ರೂ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಹಾರಿಸೋಕೆ ಮುಂದಾದ್ರು, ಅರೆಸ್ಟ್ ಆದ್ರು. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು.

3/6
ಏಪ್ರಿಲ್ 25ಕ್ಕೆ ವಿದುರಾಶ್ವತ್ಥದಲ್ಲಿ ಸಾವಿರಾರು ಜನ ಸೇರಿದ್ರು. ಹೆಚ್ಚಿನವರು ಸುತ್ತಮುತ್ತಲ ಹಳ್ಳಿಯ ರೈತರು. ಕೈಯಲ್ಲಿ ಬಂದೂಕಿಲ್ಲ, ಬೇಕಾಗಿದ್ದು ಒಂದು ಬಾವುಟ ಹಾರಿಸೋದು, ಒಂದು ಸಭೆ ಮಾಡೋದು. ಪೊಲೀಸರು ಗುಂಡು ಹಾರಿಸಿದ್ರು. ಇದನ್ನೇ ‘ಕರ್ನಾಟಕದ ಜಲಿಯನ್ ವಾಲಾಬಾಗ್’ ಅನ್ನೋದು.

4/6
ಇಲ್ಲಿ ಒಂದ್ ನಿಮಿಷ ನಿಲ್ಲಿ. ಅಮೃತಸರದಲ್ಲಿ ಆರ್ಡರ್ ಕೊಟ್ಟವನು ಬ್ರಿಟಿಷ್ ಜನರಲ್ ಡಯರ್. ಇಲ್ಲಿ ಗುಂಡು ಹೊಡೆದದ್ದು ನಮ್ಮದೇ ಮೈಸೂರು ಸಂಸ್ಥಾನದ ಪೊಲೀಸರು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನರು ಮಿರ್ಜಾ ಇಸ್ಮಾಯಿಲ್. ಕನ್ನಂಬಾಡಿ ಕಟ್ಟೆ, ಬೃಂದಾವನ ಎಲ್ಲಾ ಅದೇ ಆಳ್ವಿಕೆಯ ಕಾಲದ್ದು. ‘ಮಾದರಿ ಮೈಸೂರು’ ಅಂತ ದೇಶವೇ ಹೊಗಳ್ತಿತ್ತು, ಆ ಹೊಗಳಿಕೆ ಸುಳ್ಳೂ ಅಲ್ಲ. 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಆದ್ರೆ ದಿವಾನರನ್ನ ಕೆಳಗಿಳಿಸೋ ಅಧಿಕಾರ ಅದಕ್ಕಿರಲಿಲ್ಲ. ಒಳ್ಳೇ ಸರ್ಕಾರ ಬೇರೆ, ಜನಕ್ಕೆ ಉತ್ತರ ಕೊಡಲೇಬೇಕಾದ ಸರ್ಕಾರ ಬೇರೆ. ನೀರು, ಕರೆಂಟು ಕೊಟ್ಟ ಕೈಯೇ ಬಂದೂಕನ್ನೂ ಎತ್ತಬಹುದು.

5/6
ಸತ್ತವರೆಷ್ಟು? ಸರ್ಕಾರ ಹೇಳಿದ್ದು 10. ಜನ ಹೇಳೋದು 30ಕ್ಕೂ ಹೆಚ್ಚು. ಜಲಿಯನ್ ವಾಲಾಬಾಗ್‌ನಲ್ಲೂ ಹಿಂಗೇ: ಸರ್ಕಾರದ ಲೆಕ್ಕ 379, ಕಾಂಗ್ರೆಸ್ ಲೆಕ್ಕ ಸುಮಾರು 1000. ಗುಂಡು ಹೊಡೆದವರೇ ಲೆಕ್ಕ ಬರೆದ್ರೆ ಸಂಖ್ಯೆ ಕಮ್ಮಿಯಾಗುತ್ತೆ. ಅದಕ್ಕೇ ಸ್ಮಾರಕಗಳು ಬೇಕು. ದಕ್ಷಿಣ ಅಮೆರಿಕದ ಚಿಲಿಯಲ್ಲಿ 1973ರಿಂದ 1990ರವರೆಗೆ ಪಿನೋಷೆಯ ಮಿಲಿಟರಿ ಆಡಳಿತ ಸಾವಿರಾರು ಜನರನ್ನ ಕೊಂದಿತು, ಕಾಣೆ ಮಾಡಿತು. ರಾಜಧಾನಿ ಸಾಂಟಿಯಾಗೋದಲ್ಲಿ 2010ರಲ್ಲಿ ತೆರೆದ ನೆನಪಿನ ಮ್ಯೂಸಿಯಂನಲ್ಲಿ ಒಂದು ದೊಡ್ಡ ಗೋಡೆ ತುಂಬಾ ಅವರ ಮುಖಗಳು. ನಮ್ಮ ಸ್ತೂಪದ ಮೇಲೆ ಮುಖ ಇಲ್ಲ, ಹೆಸರು ಐತೆ. ಓದಿ ನೋಡಿ, ನಮ್ಮೂರಲ್ಲಿ ಈಗಲೂ ಕೂಗಿ ಕರೆಯೋ ಥರದ ಹೆಸರುಗಳೇ.

6/6
ಆಮೇಲೇನಾಯ್ತು? ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಮೈಸೂರಿಗೆ ಕಳಿಸಿದ್ರು. ಮಿರ್ಜಾ–ಪಟೇಲ್ ಒಪ್ಪಂದ ಆಯ್ತು. ಸಂಸ್ಥಾನದ ಧ್ವಜದ ಜೊತೆಗೆ ತ್ರಿವರ್ಣ ಹಾರಿಸಬಹುದು ಅಂತ ಸರ್ಕಾರ ಒಪ್ಪಿತು. ಜನರ ಸರ್ಕಾರ ಬರೋಕೆ ಮಾತ್ರ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯ್ತು. ‘ಮೈಸೂರು ಚಲೋ’ ಚಳವಳಿ ಆದ್ಮೇಲೆ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದ್ರು.

ಆಗಸ್ಟ್ 15ಕ್ಕೆ ಸ್ಕೂಲಲ್ಲಿ ಬಾವುಟ ಹಾರಿದ ತಕ್ಷಣ ನಮ್ ಕಣ್ಣು ಚಾಕ್ಲೇಟ್ ಡಬ್ಬಿ ಮೇಲೆ. ಇಲ್ಲೇ ಪಕ್ಕದಲ್ಲಿ ಅದೇ ಕೆಲಸಕ್ಕೆ ಜನ ಪ್ರಾಣ ಕೊಟ್ಟಿದ್ದಾರೆ. ಮುಂದಿನ ಸಲ ನಾಗಪ್ಪನಿಗೆ ಕೈ ಮುಗಿಯೋಕೆ ಹೋದ್ರೆ ಹತ್ತು ನಿಮಿಷ ಜಾಸ್ತಿ ಇಟ್ಕೊಳ್ಳಿ. ಸ್ತೂಪದ ಹತ್ರ ನಿಂತು ಹೆಸರುಗಳನ್ನ ಜೋರಾಗಿ ಓದಿ. ನಿಮ್ಮನೆ ಅಜ್ಜ–ಅಜ್ಜಿಗೆ ಈ ಕಥೆ ಗೊತ್ತಿದ್ರೆ ಕೇಳಿ ಕಾಮೆಂಟಲ್ಲಿ ಬರೀರಿ.

#ವಿದುರಾಶ್ವತ್ಥ #ಧ್ವಜಸತ್ಯಾಗ್ರಹ #ನಮ್ಮೂರಇತಿಹಾಸ #ಮಧುಗಿರಿ