ಪಕ್ಕದಲ್ಲಿ ಕೂತವರ ಉಸಿರು

ಇದನ್ನು ಬರೆಯೋಣವೋ ಬೇಡವೋ ಅಂತ ತಿಂಗಳಿಂದ ಯೋಚಿಸುತ್ತಿದ್ದೆ. ನನ್ನವಳಿಗೆ ಖಿನ್ನತೆ ಬಂದ ವರ್ಷ ಅವಳ ಮಾತ್ರೆ, ಊಟ, ನಿದ್ದೆ ಎಲ್ಲದರ ಲೆಕ್ಕ ಇಟ್ಟವನು ನಾನು. ಒಂದು ದಿನ ಡಾಕ್ಟರು ಅವಳನ್ನು ಮಾತಾಡಿಸಿ, ನನ್ನ ಕಡೆ ತಿರುಗಿ "ನೀವು ಹೇಗಿದ್ದೀರಿ?" ಅಂದರು. ಉತ್ತರವೇ ಹೊಳೆಯಲಿಲ್ಲ. ರಾತ್ರಿಯಿಡೀ ಹಲ್ಲು ಕಚ್ಚಿಕೊಂಡೇ ಮಲಗುತ್ತಿದ್ದೇನೆ ಅನ್ನೋದು ಗೊತ್ತಾಗಿದ್ದು ಆಗಲೇ. ಅವರು ಹತ್ತು ನಿಮಿಷದ ಒಂದು ಅಭ್ಯಾಸ ಹೇಳಿಕೊಟ್ಟರು. ಅದು ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಅಮೆರಿಕದ ಎಡ್ಮಂಡ್ ಜೇಕಬ್‌ಸನ್ 1908ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಒಂದು ವಿಷಯ ಗಮನಿಸಿದ. ದಿಢೀರನೆ ಸದ್ದಾದರೆ ಎಲ್ಲರೂ ಬೆಚ್ಚುತ್ತಾರೆ, ಆದರೆ ಮೈ ಪೂರ್ತಿ ಸಡಿಲ ಬಿಟ್ಟವರು ಅಷ್ಟಾಗಿ ಬೆಚ್ಚೋದಿಲ್ಲ! ಇದರ ಬೆನ್ನು ಹತ್ತಿ 1929ರಲ್ಲಿ 'ಪ್ರೋಗ್ರೆಸಿವ್ ರಿಲ್ಯಾಕ್ಸೇಷನ್' ಪುಸ್ತಕ ಬರೆದ. 1934ರಲ್ಲಿ ಜನಸಾಮಾನ್ಯರಿಗಾಗಿ 'ಯೂ ಮಸ್ಟ್ ರಿಲ್ಯಾಕ್ಸ್' ಬಂತು. ಅವನ ಪದ್ಧತಿ ಕಲಿಯಲು ತಿಂಗಳುಗಟ್ಟಲೆ ಬೇಕಿತ್ತು. 1958ರಲ್ಲಿ ಜೋಸೆಫ್ ವೋಲ್ಪಿ ತನ್ನ ಚಿಕಿತ್ಸೆಗಾಗಿ ಅದನ್ನು ಚಿಕ್ಕದು ಮಾಡಿದ. 1973ರಲ್ಲಿ ಬರ್ನ್‌ಸ್ಟೈನ್ ಮತ್ತು ಬೊರ್ಕೊವೆಕ್ ಅದಕ್ಕೆ 16 ಸ್ನಾಯು ಗುಂಪುಗಳ ಕ್ರಮ ಕೊಟ್ಟರು.

ನಮ್ಮಲ್ಲಿ ಶವಾಸನ ಹಳೆಯದು. ಹಠಯೋಗ ಪ್ರದೀಪಿಕೆಯಲ್ಲೇ ಅದರ ಮಾತಿದೆ. 1969ರಲ್ಲಿ ಮುಂಬಯಿಯ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು 47 ಮಂದಿ ರಕ್ತದೊತ್ತಡದ ರೋಗಿಗಳಿಗೆ ಶವಾಸನ ಮಾಡಿಸಿದ ಅಧ್ಯಯನ ಪ್ರಕಟಿಸಿದರು. 1975ರಲ್ಲಿ ಹರ್ಬರ್ಟ್ ಬೆನ್ಸನ್, ಉಸಿರು ಬಿಡುವಾಗ ಒಂದೇ ಪದವನ್ನು ಮನಸ್ಸಲ್ಲಿ ಹೇಳಿಕೊಳ್ಳುವ ಸರಳ ಕ್ರಮವನ್ನು ಪುಸ್ತಕ ಮಾಡಿದ.

ಆದರೆ ಇದನ್ನೆಲ್ಲ ಓದುವಾಗ ಒಂದು ಚುಚ್ಚುತ್ತಿತ್ತು. ಇವರೆಲ್ಲ ನೋಡಿದ್ದು ರೋಗಿಯ ಮೈಯನ್ನು. ರೋಗಿಯ ಪಕ್ಕದ ಸ್ಟೂಲಿನ ಮೇಲೆ ಕೂತವರ ಕಥೆ ಏನು?

ಮನೆಯವರನ್ನು ಆಸ್ಪತ್ರೆಯೊಳಗೆ ಕರೆದದ್ದರಲ್ಲಿ ಭಾರತದ ಪಾಲು ದೊಡ್ಡದು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾ ಸಾಗರ್ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ಉಳಿಸಿಕೊಂಡರು. ಬೆಂಗಳೂರಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಗಿ, 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯ್ತು. ಅಲ್ಲೂ ಮನೆಯವರು ಜೊತೆಗಿರುವ ವಾರ್ಡು ಬಂತು. ಆದರೆ ಹೆಚ್ಚಾಗಿ ಅವರನ್ನು ಕಂಡಿದ್ದು ರೋಗಿಗೆ ಆಸರೆಯಾಗಿ. 1987ರಲ್ಲಿ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಖಿನ್ನತೆ ಕಾಡುತ್ತಿರುವವರ ಜೊತೆ ಬಾಳುವವರಲ್ಲಿ ಶೇ. 40ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯ ಸಲಹೆ ಕೊಡಬೇಕಾದಷ್ಟು ತಳಮಳವಿತ್ತು. ಅದನ್ನು ಓದಿ 'ನಾನೊಬ್ಬನೇ ಅಲ್ಲ' ಅನ್ನಿಸಿ ಕಣ್ಣು ತುಂಬಿತು.

ನಾನು ಮಾಡೋದು ಇಷ್ಟೇ. ಮುಷ್ಟಿ ಐದಾರು ಸೆಕೆಂಡು ಬಿಗಿಹಿಡಿದು ಬಿಡೋದು, ಅರ್ಧ ನಿಮಿಷ ಆ ಸಡಿಲವನ್ನು ಗಮನಿಸೋದು. ಆಮೇಲೆ ತೋಳು, ಹಣೆ, ದವಡೆ, ಭುಜ, ಹೊಟ್ಟೆ, ಕಾಲು. ನೋವಿರುವ ಕಡೆ ಬಿಗಿಯಬಾರದು. ಇದರಿಂದ ಅವಳ ಖಿನ್ನತೆ ವಾಸಿಯಾಗೋದಿಲ್ಲ, ಅದಕ್ಕೆ ಡಾಕ್ಟರೇ ಬೇಕು. ನನ್ನ ದನಿ ಏರೋದು ಮಾತ್ರ ಕಡಿಮೆಯಾಯ್ತು.

ಮೊದಮೊದಲು ಅಪರಾಧಿ ಭಾವ. ಅವಳು ಒದ್ದಾಡುವಾಗ ನಾನು ಆರಾಮಾಗಿ ಮಲಗೋದಾ? ಒಂದು ರಾತ್ರಿ ಅವಳೇ, "ಇವತ್ತು ನಿಮ್ಮ ಮುಷ್ಟಿ ವ್ಯಾಯಾಮ ಆಗ್ಲಿಲ್ವಾ?" ಅಂದಳು. ಎಷ್ಟೋ ವಾರಗಳ ಮೇಲೆ ಅವಳು ನನ್ನ ಬಗ್ಗೆ ಕೇಳಿದ ಮೊದಲ ಮಾತು ಅದು.

ನಿಮಗೆ ಗೊತ್ತಿರುವ ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ನೋಡಿಕೊಳ್ಳುವವರನ್ನೂ ಒಮ್ಮೆ ಕೇಳಿ... ನೀವು ಹೇಗಿದ್ದೀರಿ?